ಪೊಟ್ಟಣದ ತೂಕ, ಹುಡುಗನ ವಯಸ್ಸು

ಹದಿನಾರರ ಹುಡುಗನೊಬ್ಬ ಗಾಂಜಾ ಪೊಟ್ಟಣದೊಂದಿಗೆ ಪೊಲೀಸರಿಗೆ ಸಿಕ್ಕಿಬಿದ್ದ ಸುದ್ದಿ ಮೊಹಲ್ಲಾ ತಲುಪಿದಾಗ ಮೊದಲು ಕೇಳಿಬರುವ ಪ್ರಶ್ನೆ, ಯಾರ ಮಗ ಎಂಬುದು. ಎರಡನೆಯದು, ಎಷ್ಟಿತ್ತು ಎಂಬುದು. ಮೂರನೆಯದು ತಗ್ಗಿದ ದನಿಯಲ್ಲಿ ಬರುತ್ತದೆ: ಯಾರನ್ನು ಹಿಡಿದರೆ ಬಿಡಿಸಬಹುದು? ಹುಡುಗನ ವಯಸ್ಸೆಷ್ಟು, ಅದಕ್ಕೆ ಮನೆಯಲ್ಲಿರುವ ದಾಖಲೆ ಯಾವುದು ಎಂದು ವಿಚಾರಿಸುವವರು ವಿರಳ. ಕಾನೂನು ಮಾತ್ರ ಎಲ್ಲಕ್ಕಿಂತ ಮೊದಲು ಕೇಳುವುದು ಈ ನಾಲ್ಕನೆಯ ಪ್ರಶ್ನೆಯನ್ನೇ. ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣಗಳಂತಹ ಸಣ್ಣ ಪಟ್ಟಣಗಳಲ್ಲಿ ಮಾದಕ ವ್ಯಸನದ ವಿರುದ್ಧದ ಖುತ್ಬಾಗಳಿಗೆ ಕೊರತೆಯಿಲ್ಲ. ಆದರೆ ಸಿಕ್ಕಿಬಿದ್ದ ಹುಡುಗನ ಪಾಲಿಗೆ ಮುಂದೇನು ಎಂಬ ವಿಷಯ ಬಂದಾಗ ನಮ್ಮಲ್ಲಿ ಗಾಢ ಮೌನ ಆವರಿಸುತ್ತದೆ.

ಹದಿನೆಂಟು ತುಂಬದವನನ್ನು ನಮ್ಮ ಕಾನೂನು ಅಪರಾಧಿ ಎಂದು ಕರೆಯುವುದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಭಾಷೆಯಲ್ಲಿ ಅವನು 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು'. ಪದ ಉದ್ದವಾಯಿತು, ಬಾಯಿಗೆ ತೊಡಕೂ ಹೌದು. ಆದರೆ ಆ ಉದ್ದದಲ್ಲಿ ಒಂದು ವಿವೇಕವಿದೆ. ಅವನನ್ನು ಠಾಣೆಯ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇರಿಸುವಂತಿಲ್ಲ. ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಕೈಗೆ ಕೋಳ ತೊಡಿಸುವಂತಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ, ಕೃತ್ಯವು ಘೋರ ಅಪರಾಧದ ವರ್ಗಕ್ಕೆ ಸೇರದಿದ್ದರೆ ಮತ್ತು ವಯಸ್ಕರ ಜೊತೆಗೂಡಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಕೂಡ ದಾಖಲಿಸುವ ಹಾಗಿಲ್ಲ. ಠಾಣೆಯ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಮಂಡಳಿಗೆ ಒಪ್ಪಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಎತ್ತರದ ಪೀಠ ಇರಬಾರದು, ಕಟಕಟೆ ಇರಬಾರದು. ಕೋಣೆಯು ನೋಡಲು ನ್ಯಾಯಾಲಯದಂತೆ ಕಾಣಲೇಬಾರದು ಎಂಬುದು ನಿಯಮದ ಆಶಯ.

ಜಾಮೀನಿನ ವಿಷಯದಲ್ಲಂತೂ ವ್ಯತ್ಯಾಸ ಅಜಗಜಾಂತರ. 1985ರ ಮಾದಕ ದ್ರವ್ಯ ಕಾಯ್ದೆಯ, ಅಂದರೆ ಜನಸಾಮಾನ್ಯರೂ ಈಗ ಎನ್‌ಡಿಪಿಎಸ್ ಎಂದೇ ಕರೆಯುವ ಕಾಯ್ದೆಯ 37ನೇ ಕಲಮು ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ ವಯಸ್ಕನಿಗೆ ಜಾಮೀನನ್ನು ಹೆಚ್ಚುಕಡಿಮೆ ಮುಚ್ಚಿದ ಬಾಗಿಲಾಗಿಸಿದೆ. ಬಾಲ ನ್ಯಾಯ ಕಾಯ್ದೆಯ 12ನೇ ಕಲಮು ಬೇರಾವುದೇ ಕಾನೂನಿನಲ್ಲಿ ಏನೇ ಇದ್ದರೂ ಮಗುವನ್ನು ಬಿಡುಗಡೆ ಮಾಡಬೇಕು ಎನ್ನುತ್ತದೆ. ನಿರಾಕರಿಸಲು ಮೂರೇ ಕಾರಣಗಳು: ಬಿಟ್ಟರೆ ಅವನು ಅಪರಾಧಿಗಳ ಸಹವಾಸಕ್ಕೆ ಬೀಳಬಹುದು, ನೈತಿಕ ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಸಿಲುಕಬಹುದು, ಅಥವಾ ನ್ಯಾಯದ ಉದ್ದೇಶವೇ ವಿಫಲವಾಗಬಹುದು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ವಿಸ್ತರಿಸಿದರೆ ಇನ್ನೆರಡು ತಿಂಗಳು. ಕೊನೆಗೆ ಮಂಡಳಿ ನೀಡುವ ಆದೇಶಗಳಾದರೂ ಎಂಥವು? ಬುದ್ಧಿವಾದ ಹೇಳಿ ಮನೆಗೆ ಕಳುಹಿಸುವುದು, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಸನ್ನಡತೆಯ ಮೇಲೆ ಹೆತ್ತವರ ವಶಕ್ಕೆ ಕೊಡುವುದು, ಬೇರೆ ದಾರಿಯಿಲ್ಲದಾಗ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. ಜೊತೆಯಲ್ಲಿ ಶಾಲೆಗೆ ಹೋಗು, ಕಸುಬು ಕಲಿ, ಇಂಥ ಜಾಗಕ್ಕೆ ಕಾಲಿಡಬೇಡ, ವ್ಯಸನಮುಕ್ತಿ ಚಿಕಿತ್ಸೆಗೆ ಒಳಗಾಗು ಎಂದೂ ಹೇಳಬಹುದು. ಈ ಕೊನೆಯ ಅಧಿಕಾರ 18ನೇ ಕಲಮಿನಲ್ಲಿ ಸ್ಪಷ್ಟ ಶಬ್ದಗಳಲ್ಲಿದೆ.

ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಬೇರೆ ನ್ಯಾಯಾಲಯಗಳಿವೆ. 1989ರಲ್ಲಿ ಫ್ಲೋರಿಡಾದ ಮಯಾಮಿಯಲ್ಲಿ ವಯಸ್ಕ ವ್ಯಸನಿಗಳಿಗಾಗಿ ಮೊದಲ ಡ್ರಗ್ ಕೋರ್ಟ್ ಆರಂಭವಾಯಿತು. ತೊಂಬತ್ತರ ದಶಕದ ಮಧ್ಯದಲ್ಲಿ ಅದೇ ಮಾದರಿ ಬಾಲಕರಿಗೂ ವಿಸ್ತರಿಸಿತು. ಒಬ್ಬನೇ ನ್ಯಾಯಾಧೀಶ ಒಬ್ಬ ಹುಡುಗನನ್ನು ಪದೇ ಪದೇ ಕರೆಸಿ ಮಾತನಾಡಿಸುತ್ತಾನೆ, ಮೂತ್ರ ಪರೀಕ್ಷೆ ನಡೆಯುತ್ತದೆ, ತಪ್ಪದೆ ನಡೆದುಕೊಂಡರೆ ಪ್ರೋತ್ಸಾಹ, ತಪ್ಪಿದರೆ ಕೆಲವು ದಿನಗಳ ಬಂಧನದವರೆಗೂ ಶಿಕ್ಷೆ. ನಮ್ಮಲ್ಲಿಯೂ ಇಂಥ ನ್ಯಾಯಾಲಯ ಬೇಕೆಂದು ವಾದಿಸುವವರಿದ್ದಾರೆ. ನನಗದು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ವಯಸ್ಕರ ಡ್ರಗ್ ಕೋರ್ಟುಗಳಿಂದ ಬಂದ ಫಲ ಬಾಲಕರ ಕೋರ್ಟುಗಳಿಂದ ಬರಲಿಲ್ಲ ಎಂದು ಆ ದೇಶದ ಅಧ್ಯಯನಗಳೇ ತೋರಿಸಿವೆ; ಹಾಗಾಗಿ 2016ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಅವುಗಳಿಗೆ ಹೊಸ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಕುಟುಂಬವನ್ನು ಜೊತೆಗಿಟ್ಟುಕೊಂಡು ನಡೆಸಿದ ಚಿಕಿತ್ಸೆಯಲ್ಲಿ ಹುಡುಗರು ಹೆಚ್ಚು ಚೇತರಿಸಿಕೊಂಡರು. ಅಂದರೆ ಕೊರತೆಯಿರುವುದು ಕಟ್ಟಡದಲ್ಲಲ್ಲ. ಆ ವ್ಯವಸ್ಥೆಯಿಂದ ನಾವು ಕಲಿಯಬಹುದಾದದ್ದು ಒಂದೇ: ಆದೇಶ ಬರೆದವರು ಮುಂದಿನ ತಿಂಗಳು ಅದೇ ಹುಡುಗನನ್ನು ಕರೆದು 'ಹೇಗಿದ್ದೀಯಪ್ಪ' ಎಂದು ಕೇಳುವ ಪದ್ಧತಿ.

ಇನ್ನು ತೂಕದ ಪ್ರಶ್ನೆಗೆ ಬರೋಣ. ಎನ್‌ಡಿಪಿಎಸ್ ಪ್ರಕಾರ ಗಾಂಜಾ ಒಂದು ಕಿಲೋವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ಕನಿಷ್ಠ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವುದನ್ನು ಬಾಲ ನ್ಯಾಯ ಕಾಯ್ದೆ ಘೋರ ಅಪರಾಧ ಎನ್ನುತ್ತದೆ. ಕನಿಷ್ಠ ಶಿಕ್ಷೆ ನಿಗದಿಯಾಗಿರದ ಅಪರಾಧಗಳು, ಗರಿಷ್ಠ ಶಿಕ್ಷೆ ಎಷ್ಟೇ ಇದ್ದರೂ, ಘೋರವಲ್ಲ ಎಂದು ಸುಪ್ರೀಂ ಕೋರ್ಟು 2020ರ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದರಿಂದ ಮಧ್ಯಮ ಪ್ರಮಾಣದ ಪ್ರಕರಣಗಳು ಈ ಬಲೆಯಿಂದ ಪಾರಾದವು. ಆದರೆ ಹದಿನಾರು ತುಂಬಿದವನ ಬಳಿ ವಾಣಿಜ್ಯ ಪ್ರಮಾಣ ಸಿಕ್ಕರೆ, ಅವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂದು ಮಂಡಳಿ ಪ್ರಾಥಮಿಕ ನಿರ್ಧರಣೆ ನಡೆಸುತ್ತದೆ ಮತ್ತು ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು. 20 ಕಿಲೋ ಎಂದರೆ ದೊಡ್ಡ ಮೂಟೆ, ನಮ್ಮ ಮಕ್ಕಳಿಗೆ ಅದೆಲ್ಲಿಂದ ಬರಬೇಕು ಎಂದು ನಿಶ್ಚಿಂತರಾಗಬೇಡಿ. ಎಂಡಿಎಂಎ ಎಂಬ ರಾಸಾಯನಿಕ ಮಾದಕಕ್ಕೆ ಈ ಗಡಿ ಕೇವಲ 10 ಗ್ರಾಂ. ಅಂಗಿಯ ಜೇಬಿನಲ್ಲಿ ಇದೆಯೋ ಇಲ್ಲವೋ ಎನಿಸುವಷ್ಟು ಹಗುರವಾದ ಪುಡಿ ಹದಿನಾರರ ಹುಡುಗನನ್ನು ಕಾನೂನಿನ ಕಣ್ಣಿನಲ್ಲಿ ಗಂಡಸಾಗಿಸಬಲ್ಲದು. ಇದು ದೂರದ ಗೋವಾ, ಮುಂಬಯಿಗಳ ಕಥೆಯೂ ಅಲ್ಲ. ಮುಂಬಯಿ ಪೊಲೀಸರೇ 2025ರ ಜುಲೈಯಲ್ಲಿ ಮೈಸೂರಿಗೆ ಬಂದು ಮೆಫೆಡ್ರೋನ್ ತಯಾರಿಸುತ್ತಿದ್ದ ಘಟಕದ ಮೇಲೆ ದಾಳಿ ನಡೆಸಿದ್ದನ್ನು ನಾವೆಲ್ಲ ಓದಿದ್ದೇವೆ. ಮೈಸೂರು ನಮಗೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ದಾರಿ.

ಇಲ್ಲಿರುವ ಕ್ರೌರ್ಯವನ್ನು ಗಮನಿಸಬೇಕು. ಸೇದುವ ಹುಡುಗನ ಬಳಿ ಸಿಗುವುದು ಚಿಟಿಕೆ. ಹೊರುವ ಹುಡುಗನ ಬಳಿ ಸಿಗುವುದು ಚೀಲ. ಎಷ್ಟೋ ವೇಳೆ ಅವನು ಅದನ್ನು ಮೂಸಿಯೂ ನೋಡಿರುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿಗೆ, ಒಂದು ಮೊಬೈಲಿನ ಆಸೆಗೆ, ಯಾರೋ 'ಅಣ್ಣ' ಕೊಟ್ಟ ಬ್ಯಾಗನ್ನು ಇನ್ನೊಬ್ಬ ಅಣ್ಣನಿಗೆ ಮುಟ್ಟಿಸುತ್ತಿರುತ್ತಾನೆ. ಮಕ್ಕಳಿಗೆ ಶಿಕ್ಷೆ ಕಡಿಮೆ ಎಂಬ ಕಾರಣಕ್ಕೇ ಅವರನ್ನು ಆರಿಸಿಕೊಳ್ಳಲಾಗುತ್ತದೆ. ಹೀಗೆ ಮಗುವನ್ನು ಮಾದಕ ವಸ್ತು ಸಾಗಿಸಲು ಮಾರಲು ಬಳಸಿದವನಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಬಾಲ ನ್ಯಾಯ ಕಾಯ್ದೆಯ 78ನೇ ಕಲಮು ಹೇಳುತ್ತದೆ. ಮಗುವಿಗೆ ಅಮಲು ಪದಾರ್ಥ ಕೊಟ್ಟವನಿಗೂ 77ನೇ ಕಲಮಿನಲ್ಲಿ ಅಷ್ಟೇ ಶಿಕ್ಷೆ. ಹುಡುಗ ಸಿಕ್ಕಾಗ ಆ ಅಣ್ಣ ಯಾರು ಎಂದು ಠಾಣೆಯಲ್ಲಿ ಪಟ್ಟು ಹಿಡಿದು ಕೇಳಬೇಕಾದವರು ನಾವು. ನಾವೋ ಹುಡುಗನ ತಾಯಿಯ ಮುಂದೆ ನಿಂತು ಅವಳ ಸಾಕಣೆಯ ಬಗ್ಗೆ ಪ್ರವಚನ ಮಾಡುತ್ತೇವೆ.

ವಯಸ್ಸಿನ ದಾಖಲೆಯ ವಿಷಯದಲ್ಲಿ ನಮ್ಮ ಮನೆಗಳ ಅಲಕ್ಷ್ಯವೂ ಕಡಿಮೆಯದಲ್ಲ. ಕಾಯ್ದೆಯ 94ನೇ ಕಲಮು ಮೊದಲು ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ನೋಡುತ್ತದೆ. ಅದಿಲ್ಲದಿದ್ದರೆ ಪುರಸಭೆ, ಗ್ರಾಮ ಪಂಚಾಯಿತಿಗಳ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಒಂದನೇ ತರಗತಿಗೆ ಬೇಗ ಸೇರಿಸುವ ಆತುರದಲ್ಲಿ ಒಂದೆರಡು ವರ್ಷ ಹೆಚ್ಚು ಬರೆಸಿದ ತಂದೆ, ಗ್ಯಾರೇಜಿಗೆ ಸೇರಿಸುವಾಗ 'ಹದಿನೆಂಟಾಗಿದೆ ಸಾಹೇಬ್ರೇ' ಎಂದು ಹೇಳಿಕೊಟ್ಟ ಚಿಕ್ಕಪ್ಪ, ತಾವು ಏನನ್ನು ಕಸಿದುಕೊಂಡೆವೆಂದು ಅಂದು ಅರಿತಿರುವುದಿಲ್ಲ. ಮುಂದೊಂದು ದಿನ ಆ ಕಾಗದವೇ ಹುಡುಗನನ್ನು ಮಂಡಳಿಯ ಕೋಣೆಯಿಂದ ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯಕ್ಕೆ, ವೀಕ್ಷಣಾಲಯದಿಂದ ಜೈಲಿಗೆ ದೂಡುತ್ತದೆ. ತಾನು ಕೃತ್ಯದ ದಿನದಂದು ಹದಿನೆಂಟರ ಒಳಗಿದ್ದೆ ಎಂಬ ವಾದವನ್ನು ಯಾವ ಹಂತದಲ್ಲೂ, ಪ್ರಕರಣ ಅಂತಿಮವಾಗಿ ಇತ್ಯರ್ಥವಾದ ಮೇಲೂ ಎತ್ತಬಹುದು. ಆದರೆ ಎತ್ತಲು ಕಾಗದ ಬೇಕು.

ಈ ಚರ್ಚೆ ಬಂದಾಗಲೆಲ್ಲ ನಮ್ಮ ಕೆಲವು ಹಿರಿಯರು ಹದಿನೈದಕ್ಕೇ ಹುಡುಗ ಬಾಲಿಗ್ ಆಗುತ್ತಾನಲ್ಲ, ನಮಾಝ್ ಉಪವಾಸ ಕಡ್ಡಾಯವಾಗುತ್ತದಲ್ಲ, ಮತ್ತೆ ಹದಿನೆಂಟರ ರಿಯಾಯಿತಿ ಏಕೆ ಎನ್ನುತ್ತಾರೆ. ಮದ್ರಸದ ಮೆಟ್ಟಿಲು ಹತ್ತಿದವರಿಗೆ ಇದರ ಉತ್ತರ ತಿಳಿದಿರಬೇಕಿತ್ತು. ಪ್ರೌಢತೆಯ ಚಿಹ್ನೆಗಳು ಕಾಣದಿದ್ದಲ್ಲಿ ಗಂಡು ಮಕ್ಕಳಿಗೆ ಹದಿನೆಂಟು ವರ್ಷವನ್ನು ಗಡಿಯಾಗಿ ಹೇಳಿದವರು ಸ್ವತಃ ಇಮಾಮ್ ಅಬೂ ಹನೀಫರು. ಹದಿನೈದು ಎಂಬುದು ಅವರ ಇಬ್ಬರು ಶಿಷ್ಯರ ಅಭಿಪ್ರಾಯ, ಫತ್ವಾ ಅದರ ಮೇಲಾಯಿತು. ಅದಕ್ಕಿಂತ ಮುಖ್ಯವಾಗಿ ಸೂರಃ ಅನ್ನಿಸಾದಲ್ಲಿ ಅನಾಥರ ಸೊತ್ತನ್ನು ಮರಳಿಸುವ ಪ್ರಸ್ತಾಪ ಬಂದಾಗ ಕುರ್‌ಆನ್ ಮದುವೆಯ ವಯಸ್ಸಿಗೆ ತಲುಪುವುದನ್ನು ಮಾತ್ರ ಸಾಕೆನ್ನುವುದಿಲ್ಲ. ಅವರಲ್ಲಿ ವಿವೇಕ ಮೂಡಿದೆಯೇ ಎಂದು ಪರೀಕ್ಷಿಸಿ ನೋಡಲು ಆದೇಶಿಸುತ್ತದೆ. ಬುಲೂಗ್ ಬೇರೆ, ರುಶ್ದ್ ಬೇರೆ. ತನ್ನ ತಂದೆ ಬಿಟ್ಟುಹೋದ ನಾಲ್ಕು ಕಾಸನ್ನು ನಿಭಾಯಿಸಲು ಇನ್ನೂ ಅರ್ಹನಲ್ಲ ಎಂದು ನಾವು ಭಾವಿಸುವ ಹುಡುಗನ ತಲೆಯ ಮೇಲೆ ಹತ್ತು ವರ್ಷದ ಸಜೆ ಹೊರಿಸಲು ಮಾತ್ರ ಅವನು ಅರ್ಹನೇ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮಂಡಳಿಯ ಮುಂದಿರುವ ಕಾಗದಗಳಲ್ಲಿ ಅತ್ಯಂತ ತೂಕದ್ದು ಪೊಲೀಸರ ಪಂಚನಾಮೆಯಲ್ಲ, ಪರಿವೀಕ್ಷಣಾಧಿಕಾರಿ ಸಲ್ಲಿಸುವ ಸಾಮಾಜಿಕ ತನಿಖಾ ವರದಿ. ಮಗುವನ್ನು ಮೊದಲ ಬಾರಿ ಹಾಜರುಪಡಿಸಿದ 15 ದಿನಗಳೊಳಗೆ ಅದು ಬರಬೇಕು. ಮನೆಯ ಸ್ಥಿತಿ ಹೇಗಿದೆ, ತಂದೆ ಏನು ಮಾಡುತ್ತಾನೆ, ಶಾಲೆ ಯಾವಾಗ ಬಿಟ್ಟ, ಯಾಕೆ ಬಿಟ್ಟ, ಗೆಳೆಯರು ಯಾರು, ದುಡಿಯುತ್ತಿದ್ದನೇ, ನೆರೆಹೊರೆಯವರು ಏನೆನ್ನುತ್ತಾರೆ, ಇವೆಲ್ಲ ಅದರಲ್ಲಿರುತ್ತವೆ. ಅಧಿಕಾರಿ ಮೊಹಲ್ಲಾಕ್ಕೆ ಬಂದು ಕೇಳುತ್ತಾರೆ. ಆಗ ನಾವು ಏನು ಹೇಳುತ್ತೇವೆ? ಒಬ್ಬ ಬಾಗಿಲು ಹಾಕಿಕೊಳ್ಳುತ್ತಾನೆ. ಇನ್ನೊಬ್ಬ, ಆ ಮನೆಯವರು ನಮ್ಮ ಜಮಾಅತಿನ ಲೆಕ್ಕದಲ್ಲೇ ಇಲ್ಲ ಎನ್ನುತ್ತಾನೆ. ಮೂರನೆಯವನು 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಗಾದೆ ಹೇಳುತ್ತಾನೆ, ಹುಡುಗ ಇನ್ನೂ ಗಿಡವೇ ಎಂಬುದನ್ನು ಮರೆತು. ಈ ಮೂರು ಉತ್ತರಗಳೂ ವರದಿಗೆ ಇಳಿಯುತ್ತವೆ. ಅವನನ್ನು ನೋಡಿಕೊಳ್ಳುವವರು ಊರಿನಲ್ಲಿ ಯಾರೂ ಇಲ್ಲ, ಹೊರಗೆ ಬಿಟ್ಟರೆ ಕೆಟ್ಟ ಸಹವಾಸಕ್ಕೇ ಬೀಳುತ್ತಾನೆ ಎಂಬ ತೀರ್ಮಾನಕ್ಕೆ ಮಂಡಳಿ ಬಂದರೆ ಅದರ ತಪ್ಪೇನು? ಜಾಮೀನು ನಿರಾಕರಿಸಲು ಕಾನೂನು ಕೊಟ್ಟ ಮೂರು ಕಾರಣಗಳಲ್ಲಿ ಎರಡನ್ನು ನಾವೇ ಬರೆದುಕೊಟ್ಟಂತಾಯಿತು.

ಹೀಗಾಗಲು ಭಯವೂ ಒಂದು ಕಾರಣ, ಅದನ್ನು ಅಲ್ಲಗಳೆಯಲಾರೆ. 2021ರ ಸೆಪ್ಟೆಂಬರಿನಲ್ಲಿ ಕೇರಳದ ಪಾಲಾ ಧರ್ಮಪ್ರಾಂತ್ಯದ ಬಿಷಪರು 'ನಾರ್ಕೋಟಿಕ್ ಜಿಹಾದ್' ಎಂಬ ಶಬ್ದ ಬಳಸಿದ ಮೇಲೆ, ಒಬ್ಬ ಮುಸ್ಲಿಮ್ ಹುಡುಗ ಸಿಕ್ಕಿಬಿದ್ದರೆ ಅದು ಅವನೊಬ್ಬನ ಪ್ರಮಾದವಾಗಿ ಉಳಿಯುವುದಿಲ್ಲವೆಂಬ ಆತಂಕ ನಮ್ಮ ಮನೆಗಳಲ್ಲಿ ಬೇರೂರಿದೆ. ನಮ್ಮದೇ ಜಿಲ್ಲೆಯ ನಾಗಮಂಗಲದಲ್ಲಿ 2024ರ ಸೆಪ್ಟೆಂಬರಿನಲ್ಲಿ ಗಣೇಶ ಮೆರವಣಿಗೆಯ ವೇಳೆ ನಡೆದ ಗಲಭೆಯ ನಂತರ ಬಂಧನದ ಭೀತಿಯಿಂದ ಯುವಕರು ಊರು ಬಿಟ್ಟ ನೆನಪು ಇನ್ನೂ ಹಸಿಯಾಗಿದೆ. ಪೊಲೀಸ್ ಎಂಬ ಶಬ್ದ ಕೇಳಿದೊಡನೆ ಕದ ಮುಚ್ಚುವುದು ಅಭ್ಯಾಸವಾಗಿಬಿಟ್ಟಿದೆ. ಆದರೆ ಬಾಗಿಲು ತಟ್ಟುತ್ತಿರುವ ಪರಿವೀಕ್ಷಣಾಧಿಕಾರಿ ಪೊಲೀಸರಲ್ಲ. ಅವರ ಮುಂದೆ ಬಾಯಿ ಮುಚ್ಚಿಕೊಂಡರೆ ಸಮುದಾಯದ ಮಾನ ಉಳಿಯುವುದಿಲ್ಲ, ಹುಡುಗ ಮಾತ್ರ ಹೋಗುತ್ತಾನೆ. ಇನ್ನು, ಸಿಕ್ಕಿಬಿದ್ದ ಮಗುವಿನ ಹೆಸರು, ಭಾವಚಿತ್ರ, ಶಾಲೆ ಯಾವುದನ್ನೂ ಬಹಿರಂಗಪಡಿಸುವುದು 74ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಜೆಗೆ ಅರ್ಹವಾದ ಅಪರಾಧ. ಇದನ್ನು ಪತ್ರಿಕೆಗಳಿಗೆ ನೆನಪಿಸುವ ಮೊದಲು ನಮ್ಮ ಮೊಹಲ್ಲಾದ ವಾಟ್ಸಾಪ್ ಗುಂಪುಗಳಿಗೆ ನೆನಪಿಸುವುದು ಒಳ್ಳೆಯದು.

ಕಾಸರಗೋಡಿನ ಕಡೆ ಕೆಲವು ಮಹಲ್ಲುಗಳು ಮಾದಕ ವಸ್ತು ಪ್ರಕರಣಗಳಲ್ಲಿ ಸಿಲುಕಿದವರ ನಿಕಾಹ್‌ಗೆ ಸಹಕರಿಸುವುದಿಲ್ಲವೆಂದು ನಿರ್ಣಯಿಸಿದ ಸುದ್ದಿ ಬಂದಾಗ ನಮ್ಮ ಭಾಗದಲ್ಲೂ ಅದನ್ನು ಮೆಚ್ಚಿದವರು ಅನೇಕರು. ಮಾರಾಟವನ್ನೇ ಕಸುಬಾಗಿಸಿಕೊಂಡ ವಯಸ್ಕನಿಗೆ ಅದು ಸರಿಯಿರಬಹುದು. ಬಾಲಕನಿಗೆ ಅದನ್ನೇ ಅನ್ವಯಿಸುವವರು ಪ್ರವಾದಿ(ಸ)ಯವರ ಕಾಲದಲ್ಲಿ ಮದ್ಯಪಾನಕ್ಕಾಗಿ ಪದೇ ಪದೇ ಶಿಕ್ಷೆಗೊಳಗಾದ ಒಬ್ಬ ವ್ಯಕ್ತಿಯ ಪ್ರಸಂಗವನ್ನು ಓದಬೇಕು. ಅಲ್ಲಿದ್ದವರೊಬ್ಬರು ಅವನನ್ನು ಶಪಿಸಿದಾಗ ಪ್ರವಾದಿಯವರು(ಸ) ತಡೆದರು, ಅವನ ಹೃದಯದಲ್ಲಿದ್ದ ಪ್ರೀತಿಗೆ ತಾವೇ ಸಾಕ್ಷಿ ನಿಂತರು. ಶಿಕ್ಷೆ ಆಯಿತು, ಬಹಿಷ್ಕಾರ ಆಗಲಿಲ್ಲ. ಮದ್ಯದ ನಿಷೇಧವಾದರೂ ಒಂದೇ ದಿನ ಬಂದುದಲ್ಲ. ಅಲ್‌ಬಕರಾ, ಅನ್ನಿಸಾ, ಅಲ್‌ಮಾಇದಾ, ಮೂರು ಹಂತಗಳಲ್ಲಿ ಬಂತು. ಅಮಲಿಗೆ ಒಗ್ಗಿಹೋದ ದೇಹವನ್ನು ಬಿಡಿಸಲು ಕಾಲ ಬೇಕೆಂಬುದು ಆ ಸಮಾಜವನ್ನು ರೂಪಿಸಿದವನಿಗೆ ತಿಳಿದಿತ್ತು. ನಮ್ಮ ಸಭೆಗಳಲ್ಲಿ ಶ್ರೀರಂಗಪಟ್ಟಣದ ಹೆಸರೆತ್ತಿದಾಗಲೆಲ್ಲ, ಖಜಾನೆಯ ನಷ್ಟವನ್ನೂ ಲೆಕ್ಕಿಸದೆ ಮದ್ಯ ನಿಲ್ಲಿಸಹೊರಟ ಟಿಪ್ಪುವನ್ನು ಕೊಂಡಾಡುತ್ತೇವೆ. ಟಿಪ್ಪುವಿನ ಆಜ್ಞೆಯನ್ನು ನೆನೆಯುವುದು ಸುಲಭ. ಬಿಟ್ಟುಬಿಡಲು ಹೆಣಗುತ್ತಿರುವ ಒಬ್ಬ ಹುಡುಗನ ಜೊತೆ ಒಂದು ರಾತ್ರಿ ಕುಳಿತುಕೊಳ್ಳುವುದು ಕಷ್ಟ.

ಹುಡುಗನ ತಾಯಿಯ ದಿನವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಮಂಡಳಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಕೃಷ್ಣರಾಜಪೇಟೆಯಿಂದ ಮಂಡ್ಯಕ್ಕೆ ಸುಮಾರು 60 ಕಿಲೋಮೀಟರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ತಾಯಿಯ ಬಸ್ ಚಾರ್ಜನ್ನು ಉಳಿಸಿತು. ಆ ದಿನದ ಕೂಲಿಯನ್ನಲ್ಲ. ಒಂದು ವಾಯಿದೆಗೆ ಒಂದು ಕೂಲಿ. ಮೂರನೆಯ ವಾಯಿದೆಗೆ ಅವಳು ಬಾರದಿದ್ದರೆ ಕಡತದಲ್ಲಿ 'ಪೋಷಕರು ಗೈರು' ಎಂದಾಗುತ್ತದೆ. ಮಸೀದಿ ಸಮಿತಿಯಿಂದ ಒಬ್ಬರು, ಸಾಧ್ಯವಾದರೆ ನಮಾಝಿಗೂ ಬಾರದ ಆ ತಂದೆಯನ್ನು ಕೂಡಿಸಿಕೊಂಡು, ಅಂದು ಅವಳೊಂದಿಗೆ ಮಂಡ್ಯಕ್ಕೆ ಹೋಗಿ ಬಂದರೆ ಅದರಷ್ಟು ಪರಿಣಾಮಕಾರಿಯಾದ ಖುತ್ಬಾ ಇನ್ನೊಂದಿಲ್ಲ.

ಸರಕಾರವನ್ನೂ ಸುಮ್ಮನೆ ಬಿಡುವಂತಿಲ್ಲ. ವ್ಯಸನಮುಕ್ತಿ ಚಿಕಿತ್ಸೆಗೆ ಒಳಗಾಗು ಎಂದು ಮಂಡಳಿ ಬರೆದರೆ ಹುಡುಗ ಹೋಗಬೇಕಾದದ್ದು ಎಲ್ಲಿಗೆ? ಬಹುಪಾಲು ಕೇಂದ್ರಗಳು ನಲವತ್ತು ಐವತ್ತರ ಕುಡುಕರಿಗಾಗಿ ಇರುವಂಥವು. ಅವರ ನಡುವೆ ಹದಿನೈದರ ಬಾಲಕನನ್ನು ಮಲಗಿಸಿದರೆ ಅವನು ಕಲಿತು ಬರುವ ವಿದ್ಯೆಯೇ ಬೇರೆ. ಕೋಲು ಸರಪಳಿಗಳೇ ಚಿಕಿತ್ಸೆಯೆಂದು ನಂಬಿದ ಖಾಸಗಿ ಮಂದಿಯೂ ಇದ್ದಾರೆ. ನಮ್ಮವರಲ್ಲಿ ಕೆಲವರು ತಾಯಿತ ಮಂತ್ರಿಸುವವರ ಬಳಿ ಹೋಗಿ ಆರು ತಿಂಗಳು ಕಳೆಯುತ್ತಾರೆ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವ ಮನೋಚೈತನ್ಯ ಎಂಬ ರಾಜ್ಯ ಸರಕಾರದ ಕಾರ್ಯಕ್ರಮವಿದೆ, 14446 ಎಂಬ ಉಚಿತ ಸಹಾಯವಾಣಿಯಿದೆ. ಈ ದಾರಿಗಳನ್ನು ಮಸೀದಿಯ ಫಲಕದಲ್ಲಿ ನಮಾಝಿನ ಸಮಯದ ಪಕ್ಕದಲ್ಲೇ ಬರೆದು ಹಾಕಿದರೆ ಯಾರ ಈಮಾನಿಗೂ ಧಕ್ಕೆಯಾಗದು.

ಕಾನೂನಿನ ಕೈಗೇ ಸಿಗದ ಇನ್ನೊಂದು ಗುಂಪಿದೆ. ವೈಟ್‌ನರ್, ಪಂಕ್ಚರ್ ಅಂಗಡಿಯ ಸಲ್ಯೂಷನ್ ಮೂಸುವ ಮಕ್ಕಳು. ಇವು ಎನ್‌ಡಿಪಿಎಸ್ ಪಟ್ಟಿಯಲ್ಲಿಲ್ಲ. ಬಚ್‌ಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಮಕ್ಕಳ ವ್ಯಸನದ ಸಮೀಕ್ಷೆಗೆ ಆದೇಶಿಸಿತ್ತು. 2019ರಲ್ಲಿ ಪ್ರಕಟವಾದ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವರದಿಯ ಪ್ರಕಾರ ಹೀಗೆ ಮೂಸುವ ಚಟ ವಯಸ್ಕರಲ್ಲಿ ಶೇ. 0.58 ಇದ್ದರೆ, 10ರಿಂದ 17ರ ವಯಸ್ಸಿನ ಮಕ್ಕಳಲ್ಲಿ ಶೇ. 1.17. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ಅಮಲು ಇದೊಂದೇ. ಪಂಕ್ಚರ್ ಅಂಗಡಿ, ಗುಜರಿ, ವೆಲ್ಡಿಂಗ್ ಶೆಡ್ಡುಗಳಲ್ಲಿ ಕೆಲಸಕ್ಕಿರುವ ಮಕ್ಕಳು ಯಾರ ಮನೆಯವರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಾಡಬಹುದಾದ ಕೆಲಸ ಇನ್ನೂ ಎರಡಿವೆ. ಬಾಲ ನ್ಯಾಯ ಮಂಡಳಿಯ ಸಮಾಜ ಕಾರ್ಯಕರ್ತ ಸದಸ್ಯರ ಸ್ಥಾನಗಳಿಗೆ ಸರಕಾರ ಕಾಲಕಾಲಕ್ಕೆ ಅರ್ಜಿ ಕರೆಯುತ್ತದೆ. ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣ ಕ್ಷೇತ್ರಗಳಲ್ಲಿ ಏಳು ವರ್ಷ ದುಡಿದವರು, ಅಥವಾ ಮಕ್ಕಳ ಮನಃಶಾಸ್ತ್ರ, ಸಮಾಜಶಾಸ್ತ್ರ, ಕಾನೂನು ಪದವಿ ಪಡೆದು ವೃತ್ತಿಯಲ್ಲಿರುವವರು ಅರ್ಹರು. ನಮ್ಮಲ್ಲಿ ಓದಿದ ಹೆಣ್ಣುಮಕ್ಕಳಿದ್ದಾರೆ, ವರ್ಷಗಟ್ಟಲೆ ಶಾಲೆ ನಡೆಸಿದ ಶಿಕ್ಷಕಿಯರಿದ್ದಾರೆ. ಅವರು ಅರ್ಜಿ ಹಾಕಲಿ. ಎರಡನೆಯದು, ಹೆತ್ತವರಿಲ್ಲದ ಅಥವಾ ಹೆತ್ತವರಿಂದ ಆಗದ ಮಗುವನ್ನು ಮಂಡಳಿಯು 'ಯೋಗ್ಯ ವ್ಯಕ್ತಿ'ಯೊಬ್ಬರ ಪಾಲನೆಗೆ ಒಪ್ಪಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅಂಥ ವ್ಯಕ್ತಿಯಾಗಲು ಸಿದ್ಧರಿರುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬೇಕು. ಅವರ ಹಿನ್ನೆಲೆ ಪರಿಶೀಲಿಸಿದ ನಂತರವೇ ಮಾನ್ಯತೆ. ಮಂಡ್ಯದಲ್ಲಿ ಮುಂದಿನ ಬಾರಿ ಒಬ್ಬ ಹುಡುಗನ ಹೆಸರು ಕೂಗಿದಾಗ 'ಇವನನ್ನು ನೋಡಿಕೊಳ್ಳುವವರು ಯಾರಿದ್ದೀರಿ' ಎಂದು ಮ್ಯಾಜಿಸ್ಟ್ರೇಟರು ಕೇಳುವುದು ಖಂಡಿತ. ಎದ್ದು ನಿಲ್ಲಲು ನಮ್ಮ ನಾಲ್ಕು ತಾಲ್ಲೂಕುಗಳಿಂದ ನಾಲ್ಕು ಹೆಸರುಗಳಾದರೂ ಆ ಘಟಕದ ಪಟ್ಟಿಯಲ್ಲಿ ಅಷ್ಟರೊಳಗೆ ಸೇರಿರಬೇಕು.